ಎದುರು ಮನೆಯ ನೀರು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಮದುವೆಯಾಗಿ ಬನಹಟ್ಟಿಗೆ ಬಂದ ಹೊಸದರಲ್ಲಂತೂ ಕೇಳುವುದೇ ಬೇಡ. ಎದುರು ಮನೆಯ ನೇಕಾರರ ಹೆಂಗಸು ನಮ್ಮೊಂದಿಗೆ ನಕ್ಕು ಮಾತಾಡುತ್ತಿದ್ದಳು. ಆದರೆ ನಾವು ಕ್ರೈಸ್ತರೆಂದು ನಮ್ಮ ಮನೆಯ ನೀರು ಕುಡಿಯುತ್ತಿರಲಿಲ್ಲ, ತನ್ನ ಮನೆಯ ಲೋಟ ನಮ್ಮ ಕೈಗೆ ಕೊಡುತ್ತಿರಲಿಲ್ಲ. ಅದನ್ನು ನಾನು ಮರೆತಿರಲಿಲ್ಲ.

ಆ ವರ್ಷ ಅವಳ ಮಗಳ ಮದುವೆ ಗೊತ್ತಾಯಿತು. ಮಗಳು ತಮ್ಮ ಮಗ್ಗದ ಸೀರೆಯನ್ನೇ ಉಟ್ಟು ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ನಿಲ್ಲಬೇಕು, ಅದು ಆ ಮನೆಯ ಪದ್ಧತಿ. ಸೀರೆಯ ಹೊಸ ಹಾಸು, ಅಂದರೆ ಉದ್ದೆಳೆಗಳ ಸುರುಳಿ, ಮಗ್ಗಕ್ಕೆ ಬಂದ ದಿನವೇ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಮಗ್ಗದಲ್ಲಿ ಉಳಿದ ಹಳೆಯ ಹಾಸಿನ ಒಂದೊಂದು ಎಳೆಗೂ ಹೊಸದರ ಒಂದೊಂದು ಎಳೆ ಸೇರಿಸಿ, ಬೂದಿ ಹಚ್ಚಿದ ಬೆರಳಿನಿಂದ ಹೊಸೆಯಬೇಕು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಸಾವಿರಾರು ಎಳೆ! ಅವಳ ಗಂಡ ನೇಯುತ್ತಿದ್ದ, ಕೆಚ್ಚುವವಳು ಅವಳೊಬ್ಬಳೇ. ಲಗ್ನದ ಸುಗ್ಗಿಯಲ್ಲಿ ಹೊರಗಿನವರು ಯಾರೂ ಸಿಗಲಿಲ್ಲ.

ನನ್ನ ಅತ್ತೆಗೆ ತವರಿನಿಂದಲೇ ಈ ಕೆಲಸ ಬರುತ್ತಿತ್ತು. ಸುದ್ದಿ ಕೇಳಿದ್ದೇ ತಡ, ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೊರಟರು.

"ನೀರ್ಯಾಕ್ರಿ ಅತ್ತಿ?" ಎಂದೆ.

"ನೀರಡಿಕಿ ಆದ್ರ ಕೇಳಬೇಕಾಗ್ತೈತಿ. ಕೇಳಿದ್ರ ಪಾಪ, ಆಕಿಗೆ ಫಜೀತಿ."

ನನ್ನ ಮೈಯೆಲ್ಲ ಉರಿಯಿತು. ನಮ್ಮನ್ನು ದೂರ ಇಟ್ಟವಳಿಗೆ ಮುಜುಗರವಾಗಬಾರದೆಂದು ನಾವೇ ನೀರು ಹೊತ್ತು ಹೋಗಬೇಕೆ?

ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರೇ, ಬಿಳಿ ಸೀರೆಯನ್ನೂ ಬದಲಿಸದೆ ಮತ್ತೆ ತಂಬಿಗೆ ಎತ್ತಿಕೊಂಡರು. "ಐತವಾರ ಕೆಲಸ ಮಾಡಬಾರ್ದು ಅಂತ ನೀವ ಹೇಳ್ತಿದ್ರಿ" ಎಂದು ಚುಚ್ಚಿದೆ.

"ಕೆಲಸಕ್ಕ ಯಾರ ಹೊಂಟಾರವಾ? ಮದುವಿ ಮನಿಗೆ ಹೊಂಟೇನಿ" ಎಂದು ನಕ್ಕರು.

ಊಟದ ಹೊತ್ತು ಮೀರಿದರೂ ಬರಲಿಲ್ಲ. ಜಗಳಕ್ಕೆ ತಯಾರಾಗಿಯೇ ಕರೆಯಲು ಹೋದೆ. ಅತ್ತೆ ಎಳೆಗಳನ್ನು ಕಣ್ಣಿನ ಹತ್ತಿರ ತಂದು ಹೊಸೆಯುತ್ತಿದ್ದರು. ಕಣ್ಣಿನಿಂದ ನೀರು ಸೋರುತ್ತಿತ್ತು. ಎಲ್ಲೋ ಒಂದು ಎಳೆ ತಪ್ಪಿ, ಅಲ್ಲಿಂದ ಮುಂದಿನದೆಲ್ಲ ಬಿಚ್ಚಿ ಮತ್ತೆ ಕೆಚ್ಚುತ್ತಿದ್ದರು. ಮುಖದಲ್ಲಿ ಬೇಸರದ ಸುಳಿವೂ ಇಲ್ಲ. ಇಷ್ಟು ದೊಡ್ಡ ಮನಸ್ಸಿನವರ ಜೊತೆ ಒಂದೇ ಸೂರಿನಡಿ ಇದ್ದೇನಲ್ಲ ಎಂದು ನನಗೆ ಒಂದು ಕ್ಷಣ ಭಯವೇ ಆಯಿತು. ನೆರೆಯವರನ್ನು ಪ್ರೀತಿಸಬೇಕೆಂದು ಸಣ್ಣವಳಿದ್ದಾಗ ನಾನೂ ಬಾಯಿಪಾಠ ಮಾಡಿದವಳೇ. ನೆರೆಯವರೆಂದರೆ ಇವರೇ ಎಂದು ಹೊಳೆದಿರಲಿಲ್ಲ.

ಜಗಳ ಮರೆತು ಪಕ್ಕದಲ್ಲಿ ಕೂತೆ. ಎಳೆಗಳನ್ನು ಬಿಡಿಸಿ ಜೋಡಿ ಮಾಡಿ ಕೊಡುತ್ತ ಹೋದೆ, ಅವರು ಹೊಸೆಯುತ್ತ ಹೋದರು. ಬಿಸಿಲಿಗೆ ಗಂಟಲು ಒಣಗಿತು. ತಂಬಿಗೆ ಎತ್ತಿ ನೋಡಿದೆ, ಖಾಲಿ. ಸದ್ದಾಗದಂತೆ ಕೆಳಗಿಟ್ಟೆ. ಎದುರಿಗೆ ಬಲಗೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದ ಮನೆಯಾಕೆ ಅದನ್ನು ನೋಡಿ ಎದ್ದು ಒಳಗೆ ಹೋದಳು.

ಹೊರಬಂದಾಗ ಕೈಯಲ್ಲಿ ಹಿತ್ತಾಳೆ ಲೋಟವಿತ್ತು. ನನ್ನ ಮುಂದೆ ಹಿಡಿದಳು. "ಎಡಗೈಲೆ ಕೊಡಾಕತ್ತೇನಿ, ತಪ್ಪ ತಿಳಕೋಬ್ಯಾಡ ತಂಗಿ" ಎಂದಳು.

ಕ್ಷಮೆ ಕೇಳಿದ್ದು ಎಡಗೈಗೆ ಮಾತ್ರ! ನಾನು ಬೆರಗಾಗಿ ಎರಡೂ ಕೈಯಲ್ಲಿ ಲೋಟ ತೆಗೆದುಕೊಂಡು, ತುಟಿ ಹಚ್ಚಿ ಕುಡಿದೆ. ನಾವೂ ಸೇದುವ ಓಣಿಯ ಬಾವಿಯ ಅದೇ ನೀರು, ಆದರೂ ಕಣ್ಣು ತುಂಬಿ ಬಂತು.

ಅತ್ತೆ ಎಳೆಯಿಂದ ತಲೆ ಎತ್ತಲಿಲ್ಲ. "ನನಗೂ ಒಂದೀಟ ಕೊಡವಾ" ಎಂದರು.

ಮರುದಿನವೂ ಇಬ್ಬರೂ ಹೋದೆವು. ಹಾಸು ಕೆಚ್ಚಿ ಮುಗಿಯಿತು, ಸೀರೆ ಮದುವೆಗೆ ಮೊದಲೇ ಮಗ್ಗದಿಂದ ಇಳಿಯಿತು. ಮರುದಿನ ಹೋಗುವಾಗಲೇ ಅತ್ತೆ ತಂಬಿಗೆಯನ್ನು ನಮ್ಮ ಮನೆಯಲ್ಲೇ ಬಿಟ್ಟು ಬಂದಿದ್ದರು.