ಹರಿಹರದಿಂದ ಬಾರದ ಚಿತ್ರ

ಟಿಣ್. ಟಿಣ್. ಟಿಣ್.

ಆ ಮಧ್ಯಾಹ್ನ ಎಂದರೆ ಮೊದಲು ಕಿವಿಗೆ ಬರುವುದು ಇದೇ ಸದ್ದು. ಪಿ.ಜೆ. ಬಡಾವಣೆಯ ನಮ್ಮ ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲ ಕೆಳಗೆ ಕೂತ ನೆಟ್‌ವರ್ಕ್ ಎಂಜಿನಿಯರು ಹರಿಹರದ ಬ್ರಾಂಚಿಗೆ ಲೈನು ಪರೀಕ್ಷಿಸುವ ಪಿಂಗ್ ಕಳಿಸುತ್ತಿದ್ದರು. ಅಲ್ಲಿಂದ ಉತ್ತರ ಬಂದಾಗಲೆಲ್ಲ ಅವರ ಲ್ಯಾಪ್‌ಟಾಪ್ ಟಿಣ್ ಎನ್ನುತ್ತಿತ್ತು.

“ಲಿಂಕ್ ಅಪ್ ಐತ್ರಿ ಮೇಡಂ. ಒಂದೂ ಡ್ರಾಪ್ ಇಲ್ಲ.”

“ಹಾಗಾದರೆ ನಮ್ಮ ಸ್ಕ್ಯಾನ್ ಎಲ್ರೀ?”

ಕೊಕ್ಕನೂರಿನ ಹೆಂಗಸೊಬ್ಬಳು ಏಣಿಯಿಂದ ಬಿದ್ದು ಹರಿಹರಕ್ಕೆ ಬಂದಿದ್ದಳು. ತಲೆಯ ಸಿಟಿ ಸ್ಕ್ಯಾನ್ ಅಲ್ಲಿ ಆಗಿತ್ತು. ನೋಡಿ ಹೇಳಬೇಕಾದ ರೇಡಿಯಾಲಜಿಸ್ಟ್, ನನ್ನ ಗಂಡ, ಇಲ್ಲಿ. ಆಕೆಯ ಹೆಸರು, ವಯಸ್ಸು ಪರದೆಗೆ ಬಂದಿದ್ದವು, ಚಿತ್ರವಿಲ್ಲ. ಮೊಬೈಲಿನಲ್ಲಿ ಕಳಿಸಿದ ಫೋಟೋದಲ್ಲಿ ಬರೀ ಗ್ಲೇರ್. ಆಕೆಯೋ ಚೆನ್ನಾಗಿ ಮಾತಾಡುತ್ತ, ಎಮ್ಮೆ ಕರೆಯಬೇಕೆಂದು ಊರಿಗೆ ಹೊರಟು ನಿಂತಿದ್ದಳು. ತಲೆಯೊಳಗೆ ರಕ್ತ ಸೋರುವವರು ಕೊಂಚ ಹೊತ್ತು ಹೀಗೇ ಇರುತ್ತಾರೆ, ಆಮೇಲೆ ಬಸ್ಸಿನಲ್ಲೇ ಪ್ರಾಣ ಹೋಗಿಬಿಡಬಹುದು ಎಂದರು ನನ್ನವರು. ರಿಪೋರ್ಟಿಲ್ಲದೆ ಆಕೆಯನ್ನು ಅಲ್ಲೇ ಕೂಡಿಸಿಕೊಳ್ಳಲು ಆಕೆಯ ಗಂಡ ಒಪ್ಪುತ್ತಿರಲಿಲ್ಲ.

ನಾನು ಹರಿಹರದ ಟೆಕ್ನಿಷಿಯನ್‌ಗೆ ಫೋನ್ ಮಾಡಿ, ಮಾತಿನಲ್ಲಿ ಹಿಡಿದಿಡಲು ಆಕೆಗೇ ಕೊಡಿಸಿದೆ.

“ಎಷ್ಟು ಎಮ್ಮೆ ಅದಾವಮ್ಮ?”

“ಎರಡ್ರೀ.”

“ತಲೆನೋವು?”

“ಇಲ್ರೀ. ಬಿಡ್ರಿ ನನ್ನ. ಎಮ್ಮಿ ಹಾಲು ನೀವ್ ಬಂದು ಕರೀತೀರೇನು?”

ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಒಂದು ಪದದ ಉತ್ತರಕ್ಕೆ ಮಾರ್ಕ್ಸ್ ಕೊಡುತ್ತಿರಲಿಲ್ಲ. ‘ಫುಲ್ ಸೆಂಟೆನ್ಸಸ್, ಗರ್ಲ್ಸ್!’ ಆ ಹಳೇ ಅಭ್ಯಾಸದಲ್ಲೇ ಕೇಳಿದೆ: “ಹೆಂಗೆ ಬಿದ್ದಿ, ಮೊದಲಿಂದ ಹೇಳು.”

“ಅಟ್ಟದ ಮ್ಯಾಲೆ ಬೀಜದ ಚೀಲ ಇತ್ರೀ... ಏಣಿ ಹಾಕಿ... ಏಣಿ...”

ಮುಂದೆ ಮಾತಿಲ್ಲ. ಸಣ್ಣ ಉತ್ತರಗಳೆಲ್ಲ ಬಂದಿದ್ದವು, ಉದ್ದನೆಯದು ನಡುವೆಯೇ ನಿಂತಿತು. ಮೆಟ್ಟಿಲ ಕೆಳಗೆ ಟಿಣ್ ಟಿಣ್ ನಡೆದೇ ಇತ್ತು.

“ನೀವು ಕಳಿಸ್ತಿರೋ ಪಿಂಗು ಎಷ್ಟು ದೊಡ್ಡದು?” ಎಂಜಿನಿಯರನ್ನು ಕೇಳಿದೆ.

“ಸಣ್ದು ರೀ. ಅಷ್ಟ ಸಾಕು.”

“ದೊಡ್ಡದು ಕಳಿಸಿ. ಪ್ಲೀಸ್.”

ಕಳಿಸಿದರು. ಸದ್ದಿಲ್ಲ. ಇನ್ನೊಮ್ಮೆ, ಸದ್ದಿಲ್ಲ. ಅವರು ಹಣೆ ಬಡಿದುಕೊಂಡರು.

ಚಿತ್ರ ಲೈನಿನಲ್ಲಿ ತುಂಡುತುಂಡು ಪ್ಯಾಕೆಟ್ಟುಗಳಾಗಿ ಹೋಗುತ್ತದೆ; ಪ್ರತಿ ಪ್ಯಾಕೆಟ್ಟಿಗೂ ನಮ್ಮದೆಂಬ ಗುರುತಿಗೆ ಒಂದು ವಿಎಲ್ಎಎನ್ ಚೀಟಿ ಇರುತ್ತದೆ. ಹಿಂದಿನ ರಾತ್ರಿಯಷ್ಟೇ ಲೈನಿನ ಕಂಪನಿಯವರು ತಮ್ಮ ಎಂಪಿಎಲ್ಎಸ್ ಎಂಬ ಹೊಸ ದಾರಿಯಲ್ಲಿ ಸಾಗಿಸಲು ಅದರ ಮೇಲೆ ತಮ್ಮದೂ ಒಂದು ಚೀಟಿ ಅಂಟಿಸತೊಡಗಿದ್ದರು. ತುಂಬಿದ ಪ್ಯಾಕೆಟ್ಟು ನಾಲ್ಕೇ ಬೈಟ್ ಉಬ್ಬಿತ್ತು. ನಡುವಿನ ಯಾವುದೋ ಸ್ವಿಚ್ಚಿಗೆ ಆ ಹೊಸ ಅಳತೆ ಯಾರೂ ಹೇಳಿರಲಿಲ್ಲ. ಸಣ್ಣವನ್ನು ಬಿಡುತ್ತಿತ್ತು, ದೊಡ್ಡವನ್ನು ಸದ್ದಿಲ್ಲದೆ ಚೆಲ್ಲುತ್ತಿತ್ತು.

“ಕಂಪನಿಯವ್ರು ಸರಿ ಮಾಡಾಕೆ ಹೊತ್ತಾಗ್ತೈತ್ರಿ. ಸದ್ಯ ಎರಡೂ ಕಡೆ ನಮ್ಮ ಪ್ಯಾಕೆಟ್ಟೇ ಸಣ್ದು ಮಾಡ್ತೀನಿ,” ಎಂದು ಕೀಲಿಗಳನ್ನು ಕುಟ್ಟತೊಡಗಿದರು.

ಫೋನಿನಲ್ಲಿ ಟೆಕ್ನಿಷಿಯನ್ ಕೂಗಿದರು: “ಅಮ್ಮಾರೇ, ಈಯಮ್ಮಗ ಮತ್ತ ಮಾತು ಬಂತು, ಎದ್ದು ಬಾಗಲಿಗೆ ಹೊಂಟ್ರು!”

“ಚಪ್ಪಲಿ ಬಚ್ಚಿಡ್ರೀ!” ಎಂದೆ. ಬೇರೇನೂ ತೋಚಲಿಲ್ಲ. ಅಲ್ಲಿ ಆಕೆ ಚಪ್ಪಲಿ ಕದ್ದವರ ವಂಶವನ್ನೇ ಬಯ್ಯುತ್ತ ಬೆಂಚಿನ ಕೆಳಗೆ ಹುಡುಕುತ್ತಿದ್ದಾಗ, ಇಲ್ಲಿ ಪರದೆಯ ಮೇಲೆ ಒಂದು ಚಿತ್ರ ಮೂಡಿತು, ಇನ್ನೊಂದು, ಮತ್ತೊಂದು. ನನ್ನವರು ಕನ್ನಡಕ ಏರಿಸಿದರು.

“ಆಂಬುಲೆನ್ಸ್. ಈಗಲೇ. ಸರ್ಜನ್‌ಗೆ ನಾನು ಹೇಳ್ತೀನಿ.”

ಕೆಲವು ತಿಂಗಳ ಮೇಲೆ ಆಕೆ ನಮ್ಮಲ್ಲಿಗೇ ಚೆಕಪ್ಪಿಗೆ ಬಂದಳು. ಸೆರಗಿನ ಕೆಳಗೆ, ಆಪರೇಷನ್ನಿಗೆ ಬೋಳಿಸಿದ್ದಲ್ಲಿ, ಬೆರಳುದ್ದ ಕೂದಲು.

“ಅವತ್ತು ಅರ್ಧಕ್ಕ ನಿಂತಿತ್ತಲ್ರೀ,” ಎಂದು ಶುರು ಮಾಡಿದಳು: ಅಟ್ಟ, ಬೀಜದ ಚೀಲ, ಏಣಿ, ಏಣಿ ಹಿಡಿಯದ ಗಂಡ, ಮೇಲೆ ಮರಿ ಹಾಕಿದ ಬೆಕ್ಕು. ನಾನು ಕುರ್ಚಿ ಎಳೆದುಕೊಂಡು ಕೂತೆ. ಬಾಗಿಲಿಗೆ ಆಟೋ ಬಂತು. ಹತ್ತಿ ಕೂತ ಮೇಲೂ ತಲೆ ಹೊರಗೆ ಹಾಕಿ, “ಆವಾಗ ಆ ಬೆಕ್ಕು ಏನ್ ಮಾಡ್ತು ಅಂದ್ರ...” ಎನ್ನುತ್ತಿದ್ದಳು. ಆಟೋ ತಿರುವಿನಲ್ಲಿ ಮರೆಯಾಯಿತು. ಆಕೆಯನ್ನು ನಾನು ಕಂಡದ್ದು ಅದೇ ಕೊನೆ.