ಕಂಪ್ಯೂಟರ್ ಕೇಳಿದ ವಯಸ್ಸು

ನಾನು ಅಮೆರಿಕದ ಶ್ಯಾಂಟಿಲಿ ಅನ್ನೋ ಊರಿನ ಒಂದು ಹೋಟೆಲಿನಲ್ಲಿ ದೋಸೆ ಹಾಕುವವನು. ನನ್ನ ಹೆಂಡತಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ಕೀಮೋ ಮುಗಿದು ರೋಗ ಅಡಗಿತ್ತು. ಅದು ಮರಳಿ ಬರುತ್ತದೋ, ಇವಳು ಎಷ್ಟು ದಿನ ಇರುತ್ತಾಳೋ ಕೇಳೋಣ ಅಂತ ರಜೆ ಹಾಕಿ ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ಹುಬ್ಬಳ್ಳಿ ಕಡೆಯವರು, ಸಣ್ಣ ವಯಸ್ಸು. ರಕ್ತದ್ದು, ಮಜ್ಜೆಯದ್ದು ಏನೇನೋ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರು.

"ಆಂಟಿ, ವಯಸ್ಸು ಐವತ್ತೆಂಟು, ಹೌದಲ್ರಿ?"

ಇವಳು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು. "ತಪ್ಪು ಹಾಕಿದ್ರೆ ಏನಾಗುತ್ತಮ್ಮ?"

"ಉತ್ತರಾನೂ ತಪ್ಪು ಬರ್ತದ್ರಿ. ವಯಸ್ಸಿನ ಮ್ಯಾಲೆ ಭಾಳ ನಿಂತದ."

ಇವಳು ನನ್ನ ಕಡೆ ನೋಡಲಿಲ್ಲ. "ಹಾಗಾದ್ರೆ ಅರವತ್ತೆರಡು ಹಾಕಮ್ಮ. ಮದುವೆ ಹೊತ್ತಲ್ಲಿ ನಮ್ಮಪ್ಪ ನಾಲ್ಕು ವರ್ಷ ಇಳಿಸಿ ಹೇಳಿದ್ರು. ಪಾಸ್‌ಪೋರ್ಟಿಗೂ ಅದೇ ಹೋಯ್ತು."

ನನಗೆ ಆಗ ಅರವತ್ತು.

"ಮೂವತ್ತೈದು ವರ್ಷ ಹೇಳಲಿಲ್ಲವಲ್ಲೇ!" ಅಂದೆ.

"ನೀವು ಯಾವತ್ತು ಕೇಳಿದ್ರಿ? ಇವತ್ತು ಕಂಪ್ಯೂಟರ್ ಕೇಳ್ತು, ಹೇಳಿದೆ."

ಡಾಕ್ಟರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಅರವತ್ತೆರಡು ಒತ್ತಿದರು. ನಗು ನಿಂತಿತು.

"ಮರಳಿ ಬರೋ ಸಾಧ್ಯತೆ ಹೆಚ್ಚು ಅದ ಅಂಕಲ್. ಆದ್ರ ಇದು ಬರೇ ಅಂದಾಜು."

"ಐವತ್ತೆಂಟು ಹಾಕಿದ್ರೆ ಏನು ಬರುತ್ತೆ?" ಅಂದಳು ಇವಳು.

ಅವರು ಹಾಕಿ ತೋರಿಸಿದರು. ಸ್ವಲ್ಪ ವಾಸಿ ಇತ್ತು.

"ಇದನ್ನೇ ಇಟ್ಕೊಳ್ಳಮ್ಮ. ನಮ್ಮಪ್ಪ ಬುದ್ಧಿವಂತರು" ಅಂದಳು.

ರೋಗ ಮರಳಿ ಬಂತು. ಇವಳು ಆಮೇಲೆ ಒಂದು ವರ್ಷ ಇದ್ದಳು. ಆ ವರ್ಷವೆಲ್ಲ ಅವಳು ಹೇಳಿದ್ದಕ್ಕೆ ಎದುರು ಮಾತಾಡದೆ ಹೂಂ ಅಂದೆ. ಎಷ್ಟಾದರೂ ನನಗಿಂತ ದೊಡ್ಡವಳಲ್ಲವೇ.