ಒಬ್ಬ ಸೆಂಟರ್, ಎರಡು ವಾದ

ನಮ್ಮ ಮನೆಯವರದ್ದೇ ಒಂದು ಬ್ಯಾಸ್ಕೆಟ್‌ಬಾಲ್ ಫ್ಯಾಂಟಸಿ ಲೀಗ್ ಇದೆ. ಸೀಸನ್ನಿಗೆ ಮೊದಲು ನಿಜವಾದ ಆಟಗಾರರನ್ನು ಫೋನಿನಲ್ಲಿ ಹಂಚಿಕೊಳ್ಳುತ್ತೇವೆ. ಅವರು ಅಲ್ಲಿ ಆಡಿದ್ದು ಇಲ್ಲಿ ನಮ್ಮ ತಂಡಗಳ ಅಂಕವಾಗುತ್ತದೆ. ಡಲ್ಲಾಸ್ ಕಡೆ ಫಾರ್ಮರ್ಸ್ ಬ್ರಾಂಚಿನಲ್ಲಿರುವ ದೊಡ್ಡಮ್ಮನ ಮಗಳು, ನನಗೆ ಅಕ್ಕ, ಈ ಸಲವೇ ಮೊದಲು ಸೇರಿದ್ದು. ಎಲ್ಲರೂ ನಗುತ್ತಿದ್ದರೂ, ಹೆಚ್ಚು ಹೊತ್ತು ಬೆಂಚಿನಲ್ಲೇ ಕೂರುತ್ತಿದ್ದ ಒಬ್ಬ ಎಳೆಯ ಸೆಂಟರನ್ನು, ಅಂದರೆ ಬುಟ್ಟಿಯ ಬಳಿ ಆಡುವ ಎತ್ತರದ ಹುಡುಗನನ್ನು, ಹಟ ಹಿಡಿದು ಆರಿಸಿಕೊಂಡಳು. ಯಾರ ಸಲಹೆಯೂ ಇಲ್ಲದೆ ಅವಳ ತಂಡಕ್ಕೆ ಬಂದವನು ಅವನೊಬ್ಬನೇ.

ಚಳಿಗಾಲದಲ್ಲಿ ಹ್ಯೂಸ್ಟನ್ ಆಚೆಯ ಫುಲ್‌ಶೀರ್‌ನಿಂದ ನನ್ನ ಅಣ್ಣ ಫೋನ್ ಮಾಡಿದ. ತನ್ನ ತಂಡದ ಹೆಸರುವಾಸಿ ಗಾರ್ಡ್ ಆಟಗಾರನೊಬ್ಬನನ್ನು ಅಕ್ಕನಿಗೆ ಕೊಟ್ಟು ಆ ಹುಡುಗನನ್ನು ಪಡೆಯಲೇ ಎಂದು ಕೇಳಿದ. ಆಡಿಸಿದಷ್ಟು ಹೊತ್ತಿನಲ್ಲೇ ಬುಟ್ಟಿ ತಪ್ಪಿ ಪುಟಿದ ಎಷ್ಟು ಚೆಂಡು ಹಿಡಿಯುತ್ತಾನೆ ನೋಡು, ಅವನ ಜಾಗದಲ್ಲಿ ಈಗ ಆಡುವ ಹಿರಿಯನಿಗೆ ಮಂಡಿ ನೋವು, ಬೆಲೆ ಏರುವ ಮೊದಲೇ ತಗೋ ಎಂದೆ.

ಅದೇ ವಾರ ಅಕ್ಕನ ಫೋನ್. "ನಿನ್ನಣ್ಣ ಕೇಳ್ತಿದಾನೆ ಕಣೇ, ಆ ಹುಡುಗನ್ನ ಕೊಟ್ಬಿಡ್ಲಾ?" ಬೆಂಚಿನಲ್ಲಿ ಕೂತವನ ಭವಿಷ್ಯ ನಂಬುವುದೂ ಜಾತಕ ನಂಬುವುದೂ ಒಂದೇ ಎಂದೆ. ಸುಮ್ಮಸುಮ್ಮನೆ ಫೌಲ್ ಮಾಡುತ್ತಾನೆ, ಫ್ರೀ ಥ್ರೋ ಬರುವುದಿಲ್ಲ, ಕೊಟ್ಟುಬಿಡು. ಅಣ್ಣನೂ ನನ್ನ ಸಲಹೆ ಕೇಳಿದ್ದನ್ನು ಹೇಳಲಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿ, ಪರವೋ ವಿರೋಧವೋ, ಬಂದದ್ದನ್ನು ವಾದಿಸಿ ಕಪ್ ಗೆದ್ದವಳು ನಾನು. ಎರಡೂ ಫೋನಿನಲ್ಲಿ ಒಂದು ಸುಳ್ಳೂ ಆಡಿರಲಿಲ್ಲವೆಂದು ಒಳಗೊಳಗೇ ಬೀಗಿದ್ದೆ.

ಭಾನುವಾರ ಆಸ್ಟಿನ್‌ನ ನನ್ನ ಬಾಡಿಗೆ ಮನೆಗೆ ಇಬ್ಬರೂ ಊಟಕ್ಕೆ ಬಂದರು. ಬಿಸಿಬೇಳೆಬಾತ್ ಬಡಿಸುತ್ತಿದ್ದೆ. ಅಕ್ಕ ಇನ್ನೂ ಒಪ್ಪಿರಲಿಲ್ಲ.

"ಅಕ್ಕಾ, ಬೇಗ ಒಪ್ಕೊಂಬಿಡು. ಮುಂದಿನ ವರ್ಷ ಅವನೇ ಸ್ಟಾರ್ ಅಂತ ನಮ್ಮ ಲಾಯರಮ್ಮ ಪ್ರೂವ್ ಮಾಡ್ಬಿಟ್ಟಿದಾಳೆ," ಎಂದ ಅಣ್ಣ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ.

ಅಕ್ಕ ಚಮಚ ಕೆಳಗಿಟ್ಟಳು. "ನನ್ಹತ್ರ ಜಾತಕ ಅಂದ್ಯಲ್ಲೇ?"

"ಎರಡೂ ಪಾರ್ಟಿ ಕೇಸೂ ನೀನೇ ಹಿಡಿದ್ಯಾ!" ಅಣ್ಣ ಮೇಜು ಕುಟ್ಟಿ ನಕ್ಕ.

ಅಕ್ಕ ನಗಲಿಲ್ಲ. "ನಾನು ಡಿಬೇಟ್ ಕೇಳಿರ್ಲಿಲ್ಲ ಕಣೇ. ನಿನಗೇನನ್ಸತ್ತೆ ಅಂತ ಕೇಳಿದ್ದೆ. ಈಗ್ಲಾದ್ರೂ ಹೇಳು. ಇಟ್ಕೊಳ್ಲೋ, ಕೊಡ್ಲೋ?"

ನನಗೆ ಏನನ್ನಿಸುತ್ತದೆ? ಸೌಟು ಹಿಡಿದು ನಿಂತು ಹುಡುಕಿದೆ. ಏನೂ ಇರಲಿಲ್ಲ. ಆ ಹುಡುಗನ ಒಂದು ಆಟವನ್ನೂ ಪೂರ್ತಿ ನೋಡಿದವಳಲ್ಲ ನಾನು. ಅವನ ಬಗ್ಗೆ ಅಷ್ಟು ಗಟ್ಟಿಯಾಗಿ ಮಾತಾಡಿದವಳಿಗೆ ಒಂದು ಅಭಿಪ್ರಾಯವೇ ಇರಲಿಲ್ಲ. ಕೊನೆಗೆ ಬಾಯಿಂದ ಬಂದದ್ದು ಇಷ್ಟು: "ಒಂದು ದೃಷ್ಟಿಯಿಂದ ನೋಡಿದ್ರೆ..."

ಅಣ್ಣನಿಗೆ ನಕ್ಕು ನಕ್ಕು ನೆತ್ತಿಗೇರಿತು. ಅಕ್ಕ ಅವನತ್ತ ನೀರು ಸರಿಸಿ, ಫೋನ್ ತೆಗೆದು ಅವನ ಆಫರನ್ನು ತಿರಸ್ಕರಿಸಿದಳು. "ಕೊಡಲ್ಲ ಕಣೋ. ಅವನು ನನ್ನವನು."

ಅಣ್ಣ ಇನ್ನೊಬ್ಬನನ್ನೂ ಸೇರಿಸಿಕೊಡುತ್ತೇನೆಂದು ಗೋಗರೆದ. ಅವಳು ಚೌಕಾಸಿಗಿಳಿದಳು. ಹುಡುಗನ ಕೈ, ಹೆಜ್ಜೆ, ಮುಂದಿನ ವಾರದ ಆಟಗಳು, ಎಲ್ಲ ಅವರಿಬ್ಬರ ನಡುವೆಯೇ ಓಡಾಡಿತು. ಯಾರೂ ನನ್ನತ್ತ ತಿರುಗಲಿಲ್ಲ. ಹಪ್ಪಳ ಬೇಕಾ ಎಂದು ಕೇಳಿದೆ. ಅದಕ್ಕೆ ಮಾತ್ರ ಇಬ್ಬರೂ ಉತ್ತರ ಕೊಟ್ಟರು.